ಚಾತುರ್ಮಾಸ್ಯದ ಸಂಕಲ್ಪವೂ ಕೈಯಲ್ಲಿರುವ ಫೋನೂ



ಆಷಾಢ ಶುಕ್ಲ ಏಕಾದಶಿಯು ಸಮೀಪಿಸುತ್ತಿದೆ. ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸುವ ಆ ಪುಣ್ಯದಿನದಂದು ತಪ್ತಮುದ್ರಾಧಾರಣೆ ಮಾಡಿಸಿಕೊಂಡು ಚಾತುರ್ಮಾಸ್ಯವ್ರತಕ್ಕೆ ಸಿದ್ಧರಾಗುವುದು ನಮ್ಮಲ್ಲಿ ನಡೆದುಬಂದಿರುವ ಸಂಪ್ರದಾಯ. ಮೊದಲ ತಿಂಗಳು ಶಾಕವ್ರತ, ಎರಡನೆಯ ತಿಂಗಳು ದಧಿವ್ರತ, ಮೂರನೆಯ ತಿಂಗಳು ಕ್ಷೀರವ್ರತ, ನಾಲ್ಕನೆಯ ತಿಂಗಳು ದ್ವಿದಳವ್ರತ. ಈಗಾಗಲೇ ಮನೆಮನೆಯ ಅಡಿಗೆಮನೆಗಳಲ್ಲಿ ಮಾತೆಯರು ಹುಣಿಸೆಹಣ್ಣಿಗೆ ಬದಲಾಗಿ ಮಾವಿನಕಾಯಿಯ ಪುಡಿಯನ್ನೂ, ಮೆಣಸಿನಕಾಯಿಗೆ ಬದಲಾಗಿ ಕಾಳುಮೆಣಸನ್ನೂ ಹೊಂದಿಸಿಡುತ್ತಿರಬಹುದು. ನಾಲಗೆಯ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ನಾವು ಕಣ್ಣು ಕಿವಿಗಳ ಮೂಲಕ ಒಳಗೆ ಬರುವ ಆಹಾರದ ವಿಷಯದಲ್ಲಿ ಎಷ್ಟು ಎಚ್ಚರದಿಂದಿದ್ದೇವೆ ಎಂಬುದನ್ನು ಈ ಸಂದರ್ಭದಲ್ಲಿ ವಿಚಾರಮಾಡಬೇಕಾಗಿದೆ. ಪ್ರಕೃತ ಕಾಲದಲ್ಲಿ ಈ ಆಹಾರದ ಬಹುಭಾಗವು ಅಂಗೈಯಗಲದ ಮೊಬೈಲ್ ಫೋನಿನಿಂದಲೇ ಬರುತ್ತಿರುವುದರಿಂದ ಅದನ್ನೇ ಇಲ್ಲಿ ವಿಷಯವನ್ನಾಗಿ ಇಟ್ಟುಕೊಂಡಿದೆ.

ವೈದಿಕ ಕರ್ಮಗಳೆಲ್ಲವೂ ಸಂಕಲ್ಪದಿಂದ ಆರಂಭವಾಗುತ್ತವೆ. ಸಂಕಲ್ಪವಾಕ್ಯವನ್ನು ನಿತ್ಯವೂ ಹೇಳುವ ನಮಗೆ ಅದರ ಅರ್ಥಗಾಂಭೀರ್ಯವು ಅಭ್ಯಾಸಬಲದಿಂದ ಮರೆತುಹೋಗಿರುತ್ತದೆ. ಬ್ರಹ್ಮದೇವರ ದ್ವಿತೀಯ ಪರಾರ್ಧದಿಂದ ತೊಡಗಿ ಇಂದಿನ ತಿಥಿ, ವಾರ, ನಕ್ಷತ್ರದವರೆಗೆ ಕಾಲವನ್ನು ಹೇಳುತ್ತೇವೆ. ಜಂಬೂದ್ವೀಪದಿಂದ ತೊಡಗಿ ನಾವು ಕುಳಿತಿರುವ ಸ್ಥಳದವರೆಗೆ ದೇಶವನ್ನು ಹೇಳುತ್ತೇವೆ. ಅನಂತರ ಈ ಕರ್ಮವನ್ನು ಮಾಡಿಸುವವನು ವಿಷ್ಣು, ಇದರಿಂದ ಪ್ರೀತನಾಗಬೇಕಾದವನೂ ವಿಷ್ಣು ಎಂದು ಸ್ಮರಿಸಿ, ಮಾಡಹೊರಟಿರುವ ಕರ್ಮದ ಹೆಸರನ್ನು ಉಚ್ಚರಿಸುತ್ತೇವೆ. ಅಂದರೆ ನಾನು ಎಲ್ಲಿದ್ದೇನೆ, ಈಗ ಯಾವ ಕಾಲ, ಯಾರ ಪ್ರೇರಣೆಯಿಂದ, ಯಾರ ಪ್ರೀತಿಗಾಗಿ, ಏನನ್ನು ಮಾಡುತ್ತಿದ್ದೇನೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಕೊಡದೆ ನಾವು ಒಂದು ಉದ್ಧರಣೆ ನೀರನ್ನೂ ಬಿಡುವುದಿಲ್ಲ. ಹೀಗೆ ಆರಂಭವಾದ ಕರ್ಮಕ್ಕೆ ಕೃಷ್ಣಾರ್ಪಣವೆಂಬ ಮುಕ್ತಾಯವೂ ಉಂಟು. ಊಟವು ಪರಿಷೇಚನ, ಆಪೋಶನಗಳಿಂದ ತೊಡಗಿ ಉತ್ತರಾಪೋಶನದಿಂದ ಮುಗಿಯುತ್ತದೆ. ಪಾರಾಯಣಕ್ಕೆ ಮಂಗಳವಿದೆ. ಏಕಾದಶಿಯ ಉಪವಾಸಕ್ಕೂ ದ್ವಾದಶಿಯ ಪಾರಣೆಯಿದೆ.

ಈಗ ಫೋನಿನತ್ತ ಹೋಗುವ ನಮ್ಮ ಕೈಯನ್ನು ಗಮನಿಸೋಣ. ಅದು ಏಕೆ ಹೋಯಿತು? ಗಂಟೆ ನೋಡಬೇಕೆಂದು ಎತ್ತಿಕೊಂಡವನು ಇಪ್ಪತ್ತು ನಿಮಿಷಗಳ ಮೇಲೆ ಅದನ್ನು ಕೆಳಗಿಡುವಾಗ ಗಂಟೆ ಎಷ್ಟೆಂದು ನೋಡಿರುವುದೇ ಇಲ್ಲ. ಈ ಕ್ರಿಯೆಗೆ ಸಂಕಲ್ಪವೂ ಇಲ್ಲ, ಸಮರ್ಪಣವೂ ಇಲ್ಲ. ನಾವು ವಿಚಾರಮಾಡಬೇಕಾದ ದೋಷವು ಇದೇ ಆಗಿದೆ.

ಇಲ್ಲಿ ಒಂದು ಶಂಕೆ ಬರಬಹುದು: ಹಾಗಾದರೆ ಯಂತ್ರವೇ ದೋಷಯುಕ್ತವೇ? ಅದನ್ನು ತ್ಯಜಿಸಿಬಿಡಬೇಕೇ? ಹಾಗೆ ಹೇಳುವುದು ಸರಿಯಲ್ಲ. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಅವರೂ ಅವರ ಸಹೋದ್ಯೋಗಿಗಳಾದ ಚಿತ್ರಣ ವಿಜ್ಞಾನಿಗಳೂ ಸೇರಿ, ಶ್ರೀಮದಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು 700 ವರ್ಷ ಹಳೆಯ ತಾಳೆಗರಿಗಳನ್ನು ಈ ಶತಮಾನದ ಮೊದಲ ದಶಕದಲ್ಲಿ ಡಿಜಿಟಲ್ ಕ್ಯಾಮೆರಾದಿಂದ ಚಿತ್ರೀಕರಿಸಿ, ಕಪ್ಪಾಗಿ ಓದಲು ಬಾರದಂತಾಗಿದ್ದ ಅಕ್ಷರಗಳನ್ನು ಮತ್ತೆ ಕಾಣುವಂತೆ ಮಾಡಿದರು. 2020ರಲ್ಲಿ ಕೊರೋನಾ ಕಾರಣದಿಂದ ದೇವಾಲಯಗಳ ಬಾಗಿಲು ಮುಚ್ಚಿದ್ದಾಗ ಎಷ್ಟೋ ಮನೆಗಳಲ್ಲಿ ಪಾಠಪ್ರವಚನಗಳು ನಿಲ್ಲದೆ ನಡೆದುದು ಇದೇ ಫೋನಿನಿಂದ. ತಾಳೆಗರಿಯ ಮೇಲೆ ತಿರುಗಿದ ಕ್ಯಾಮೆರಾವೂ ನಮ್ಮ ಜೇಬಿನಲ್ಲಿರುವ ಕ್ಯಾಮೆರಾವೂ ಒಂದೇ ಜಾತಿಯ ಉಪಕರಣಗಳು. ಆ ಕಾರ್ಯವನ್ನು ಮಾಡಿದವರಿಗೆ ತಾವು ಏನನ್ನು ಮಾಡುತ್ತಿದ್ದೇವೆ, ಅದು ಎಲ್ಲಿಗೆ ಮುಗಿಯುತ್ತದೆ ಎಂಬುದು ತಿಳಿದಿತ್ತು. ಉಪಕರಣವು ಸಾಧನವಾಗುವುದು ಈ ಅರಿವಿನಿಂದಲೇ.

ನಮ್ಮ ಕೈಯಲ್ಲಿರುವ ಫೋನಿನ ಅನೇಕ ವ್ಯವಸ್ಥೆಗಳಾದರೋ ಈ ಅರಿವನ್ನು ಅಳಿಸುವಂತೆಯೇ ರಚಿತವಾಗಿವೆ ಎಂಬುದನ್ನು ತಿಳಿದಿರಬೇಕು. ಪುಸ್ತಕಕ್ಕೆ ಕೊನೆಯ ಪುಟವಿದೆ. ವೃತ್ತಪತ್ರಿಕೆಗೂ ಇದೆ. ಮೊದಲು ಕಂಪ್ಯೂಟರಿನ ಪುಟಗಳಿಗೂ ಒಂದು ತುದಿಯಿದ್ದು, ಮುಂದಿನ ಪುಟ ಬೇಕಾದವರು ಗುಂಡಿಯನ್ನು ಒತ್ತಬೇಕಾಗಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ಪುಟವು ತಾನಾಗಿಯೇ ಕೆಳಗೆ ಬೆಳೆಯುತ್ತ ಹೋಗುವ ವಿಧಾನವನ್ನು ರೂಪಿಸಿದರು. ಅದರಿಂದ ಜನರ ಕಾಲವು ಹೇಗೆ ವ್ಯರ್ಥವಾಗುತ್ತಿದೆಯೆಂಬುದನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪವನ್ನು ವ್ಯಕ್ತಪಡಿಸಿದರು. ಇನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಕೊಕ್ಕಿನಿಂದ ಕುಟ್ಟಿದಾಗಲೆಲ್ಲ ಕಾಳು ಬಿದ್ದರೆ ಪಕ್ಷಿಯು ಹಸಿವು ತೀರಿದೊಡನೆ ಸುಮ್ಮನಾಗುತ್ತದೆ. ಯಾವಾಗ ಬೀಳುವುದೆಂದು ತಿಳಿಯದಂತೆ ಒಮ್ಮೊಮ್ಮೆ ಮಾತ್ರ ಬಿದ್ದರೆ ಅದು ಬಿಡದೆ ಕುಟ್ಟುತ್ತಲೇ ಇರುತ್ತದೆ. ಹೊಸ ಸಂದೇಶವೇನಾದರೂ ಬಂದಿದೆಯೇ ಎಂದು ಮತ್ತೆ ಮತ್ತೆ ಫೋನನ್ನು ಮುಟ್ಟುವ ನಮ್ಮ ಬೆರಳಿಗೂ ಆ ಕೊಕ್ಕಿಗೂ ಏನು ವ್ಯತ್ಯಾಸವಿದೆಯೆಂದು ಪ್ರತಿಯೊಬ್ಬರೂ ಆಲೋಚಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿಯು ಕಚೇರಿಗಳಲ್ಲಿ ಅಳೆದು ನೋಡಿದಂತೆ, 2004ರಲ್ಲಿ ಮನುಷ್ಯನ ಗಮನವು ಪರದೆಯ ಮೇಲಿನ ಒಂದು ವಿಷಯದಲ್ಲಿ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ. 47 ಸೆಕೆಂಡಿಗೊಮ್ಮೆ ಹಾರುವ ಮನಸ್ಸನ್ನು ಇಟ್ಟುಕೊಂಡು ಹತ್ತು ನಿಮಿಷಗಳ ಜಪವು ಸಿದ್ಧಿಸುವುದಾದರೂ ಹೇಗೆ?

ಈ ಸಂದರ್ಭದಲ್ಲಿ ಶ್ರೀಮದ್ಭಾಗವತದ ಪಂಚಮಸ್ಕಂಧದಲ್ಲಿ ಬರುವ ಭರತಮಹಾರಾಜನ ಚರಿತ್ರೆಯನ್ನು ಸ್ಮರಿಸಬೇಕು. ರಾಜ್ಯವನ್ನು ಮಕ್ಕಳಿಗೆ ಒಪ್ಪಿಸಿ, ಸಾಲಗ್ರಾಮಶಿಲೆಗಳು ದೊರೆಯುವ ಗಂಡಕೀನದಿಯ ತೀರದಲ್ಲಿ ಭಗವದಾರಾಧನೆ ಮಾಡಿಕೊಂಡಿದ್ದ ಮಹಾತ್ಮನವನು. ಒಂದು ದಿನ ನದಿಯಲ್ಲಿ ನೀರು ಕುಡಿಯುತ್ತಿದ್ದ ತುಂಬುಗರ್ಭದ ಜಿಂಕೆಯೊಂದು ಸಿಂಹದ ಗರ್ಜನೆಗೆ ಬೆದರಿ ಹಾರಿತು. ಮರಿಯು ಪ್ರವಾಹಕ್ಕೆ ಬಿದ್ದಿತು, ತಾಯಿಯು ಸತ್ತಿತು. ಭರತನು ಮರಿಯನ್ನು ಎತ್ತಿ ತಂದು ಕಾಪಾಡಿದನು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಅದು ದಯೆ, ಅದು ಧರ್ಮ. ಆದರೆ ದಿನ ಕಳೆದಂತೆ ಅವನ ಯಮ ನಿಯಮಗಳು, ಅರ್ಚನೆ ಧ್ಯಾನಗಳು ಒಂದೊಂದಾಗಿ ಕಳಚಿಕೊಂಡವು. ಪೂಜೆಯ ನಡುವೆಯೇ ಎದ್ದೆದ್ದು ಮರಿಯು ಎಲ್ಲಿದೆಯೆಂದು ನೋಡಿ ಬರುತ್ತಿದ್ದನು. ಕೊನೆಗೆ ಅದನ್ನೇ ಸ್ಮರಿಸುತ್ತ ದೇಹವನ್ನು ಬಿಟ್ಟು ಜಿಂಕೆಯಾಗಿ ಹುಟ್ಟಿದನು. ಸಾಮ್ರಾಜ್ಯವನ್ನು ತೃಣಸಮಾನವಾಗಿ ಬಿಟ್ಟುಬಂದವನನ್ನು ಒಂದು ಮರಿಯು ಕಟ್ಟಿಹಾಕಿತು.

ನಮ್ಮ ಮನೆಗಳಲ್ಲಿ ಫೋನು ಬಂದುದೂ ಹೀಗೆಯೇ ಅಲ್ಲವೇ? ಪರದೇಶದಲ್ಲಿರುವ ಮಗನ ಮುಖ ನೋಡಲೆಂದು, ಮಠದ ಆರಾಧನೆಯ ದಿನ ತಿಳಿಯಲೆಂದು, ಮಗುವಿನ ಶಾಲೆಯ ಸೂಚನೆಗಾಗಿ, ಸಕಾರಣವಾಗಿಯೇ ಅದನ್ನು ತಂದೆವು. ಈಗ ತುಳಸಿಗೆ ನೀರೆರೆಯುವಾಗಲೂ ಕಿವಿಯು ಅದರ ಸದ್ದಿನ ಕಡೆಗಿರುತ್ತದೆ. ಅಂತ್ಯಕಾಲದಲ್ಲಿ ಮನಸ್ಸಿಗೆ ಬರುವುದು ಬಾಳಿನುದ್ದಕ್ಕೂ ಅಭ್ಯಾಸಮಾಡಿದ್ದೇ ಎಂಬುದು ಗೀತೆಯ ಎಂಟನೆಯ ಅಧ್ಯಾಯದ ಉಪದೇಶ. ಸಂಜೆ ಮೂರು ಗಂಟೆಗಳ ಕಾಲ ನಾವು ಅಭ್ಯಾಸಮಾಡುತ್ತಿರುವುದು ಏನನ್ನು ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ನಮ್ಮ ಸಿದ್ಧಾಂತದ ದೃಷ್ಟಿಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ತತ್ತ್ವವು ಸ್ವತಂತ್ರ, ಅಸ್ವತಂತ್ರವೆಂದು ಎರಡು ವಿಧ. ಶ್ರೀಹರಿಯೊಬ್ಬನೇ ಸ್ವತಂತ್ರನು; ಜೀವನು ಸದಾ ಅವನ ಅಧೀನನು. ಈ ಅಧೀನತೆಯನ್ನು ಅರಿತು ನಡೆಯುವುದೇ ನಮಗೆ ಶ್ರೇಯಸ್ಕರ. ನಾವಾದರೋ ಆ ಅಧೀನತೆಯನ್ನು ಮರೆತು, ಎಲ್ಲಿಯೋ ಕುಳಿತ ವ್ಯಾಪಾರಸಂಸ್ಥೆಯೊಂದು ಅಲುಗಿಸಿದಾಗ ಅಲುಗುವ ಪದಾರ್ಥದ ಅಧೀನರಾಗಿ, ಅದನ್ನೇ ನಮ್ಮ ಸ್ವಾತಂತ್ರ್ಯವೆಂದು ಭಾವಿಸಿಕೊಂಡಿದ್ದೇವೆ. ಹರಿದಾಸನೆನಿಸಿಕೊಳ್ಳಬೇಕಾದ ಜೀವನು ಗಂಟೆಯ ಸದ್ದಿಗೆ ಓಡಿಬರುವ ಸೇವಕನಾಗಿರುವುದು ಎಂತಹ ವಿಪರ್ಯಾಸ!

ಪೌರೋಹಿತ್ಯದ ನಿಮಿತ್ತ ಹತ್ತಾರು ಮನೆಗಳಿಗೆ ಹೋಗುವ ನಮಗೆ ಇದರ ಪರಿಣಾಮವು ಶ್ರಾದ್ಧದ ದಿನ ಹೆಚ್ಚಾಗಿ ಕಾಣುತ್ತದೆ. ಯಜಮಾನರು ಪವಿತ್ರಧಾರಿಗಳಾಗಿ, ಪ್ರಾಚೀನಾವೀತಿಗಳಾಗಿ ಕುಳಿತಿರುತ್ತಾರೆ. ತಂದೆ, ಅಜ್ಜ, ಮುತ್ತಜ್ಜ ಈ ಮೂವರ ನಾಮಗೋತ್ರಗಳನ್ನು ಹೇಳಿ, ಅವರಲ್ಲಿ ವಸು, ರುದ್ರ, ಆದಿತ್ಯರ ಅಂತರ್ಗತನಾದ ಪ್ರದ್ಯುಮ್ನ, ಸಂಕರ್ಷಣ, ವಾಸುದೇವರೂಪಿ ಭಗವಂತನನ್ನು ಅನುಸಂಧಾನ ಮಾಡಬೇಕಾದ ಸಮಯವದು. ಆಗಲೇ ಪಕ್ಕದಲ್ಲಿಟ್ಟ ಫೋನು ಸದ್ದಿಲ್ಲದೆ ನಡುಗುತ್ತದೆ. ಯಜಮಾನರು ಅದನ್ನು ಮುಟ್ಟುವುದಿಲ್ಲ, ನಿಜ. ಕಣ್ಣು ಮಾತ್ರ ಒಮ್ಮೆ ಅತ್ತ ಹೋಗಿಬರುತ್ತದೆ. ಮರುಕ್ಷಣವೇ ಮುತ್ತಜ್ಜನ ಹೆಸರು ಬಾಯಿಗೆ ಬಾರದೆ ತಡವರಿಸುತ್ತಾರೆ. ವರ್ಷಕ್ಕೊಮ್ಮೆ ಮಗನ ಬಾಯಿಂದ ತನ್ನ ಹೆಸರನ್ನು ಕೇಳಬೇಕೆಂದಿರುವ ಪಿತೃವಿಗೆ ಆ ಒಂದು ನಿಮಿಷವೂ ಅಖಂಡವಾಗಿ ದೊರೆಯಲಿಲ್ಲ. ಯಜಮಾನರನ್ನು ದೂಷಿಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಬಹಳ ಸಲ ಆ ಕರೆಯು ಅವರ ಜೀವನೋಪಾಯಕ್ಕೆ ಸಂಬಂಧಿಸಿದ್ದಾಗಿರುತ್ತದೆ.

ಆದ್ದರಿಂದ ಉದ್ಯೋಗದ ವಿಷಯವನ್ನೂ ಹೇಳಲೇಬೇಕು. ಅಮೆರಿಕದಲ್ಲಿ ಬೇಸಿಗೆಯ ಗಡಿಯಾರವು ನಡೆಯುವಾಗ ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆಯೆಂದರೆ ನಮ್ಮಲ್ಲಿ ಸಂಜೆ 6:30. ಅಂದರೆ ಸರಿಯಾಗಿ ಸಾಯಂಸಂಧ್ಯೆಯ ಕಾಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ದೇವರ ದೀಪ ಹಚ್ಚುವ ಹೊತ್ತಿಗೆ ಮಗನೋ ಸೊಸೆಯೋ ಕೋಣೆಯ ಬಾಗಿಲು ಹಾಕಿಕೊಂಡು ಸಭೆಗೆ ಕುಳಿತಿರುತ್ತಾರೆ. ಅವರನ್ನು ಧರ್ಮಬಾಹಿರರೆಂದು ಹಿರಿಯರು ಗೊಣಗುವುದೂ, ಹಿರಿಯರಿಗೆ ಲೋಕಜ್ಞಾನವಿಲ್ಲವೆಂದು ಕಿರಿಯರು ಸಿಡುಕುವುದೂ ಎರಡೂ ನಿಷ್ಪ್ರಯೋಜಕ. ಎರಡು ಕರ್ತವ್ಯಗಳು ಒಂದೇ ಕ್ಷಣದಲ್ಲಿ ಎದುರಾದಾಗ ಏನು ಮಾಡಬೇಕೆಂಬುದನ್ನು ಅಂಬರೀಷ ಮಹಾರಾಜನು ತೋರಿಸಿಕೊಟ್ಟಿದ್ದಾನೆ. ಸ್ನಾನಕ್ಕೆ ಹೋದ ಅತಿಥಿ ದುರ್ವಾಸರು ಹಿಂದಿರುಗಿಲ್ಲ, ದ್ವಾದಶಿಯೋ ಮುಗಿಯುತ್ತ ಬಂದಿದೆ. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ಪಾರಣೆಯನ್ನು ಮೀರುವಂತಿಲ್ಲ. ಆತನು ತಿಳಿದವರನ್ನು ಕೇಳಿ ನೀರನ್ನು ಮಾತ್ರ ಸ್ವೀಕರಿಸಿ ಎರಡು ಧರ್ಮಗಳನ್ನೂ ಉಳಿಸಿಕೊಂಡನು. ಹಾಗೆಯೇ ಉದ್ಯೋಗಸ್ಥರು ಕಚೇರಿಯ ಕ್ಯಾಲೆಂಡರಿನಲ್ಲಿ ಸಂಜೆಯ ಇಪ್ಪತ್ತು ನಿಮಿಷಗಳನ್ನು ಮೊದಲೇ ಗುರುತುಹಾಕಿ ಇಡಬಹುದು. ಅದೂ ಅಸಾಧ್ಯವಾದ ದಿನ ಅರ್ಘ್ಯವನ್ನು ಕೊಟ್ಟು ಎಷ್ಟು ಜಪದಿಂದ ಸಂಕ್ಷೇಪಗೊಳಿಸಬಹುದೆಂಬುದನ್ನು ತಮ್ಮ ಗುರುಹಿರಿಯರಿಂದ ಕೇಳಿ ತಿಳಿದುಕೊಳ್ಳಬಹುದು. ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಸಂದೇಶಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶವು 2017ರಲ್ಲಿಯೂ ಆಸ್ಟ್ರೇಲಿಯಾ 2024ರಲ್ಲಿಯೂ ಕಾನೂನಿನಿಂದಲೇ ಒಪ್ಪಿಕೊಂಡಿವೆ. ಲೌಕಿಕರೂ ಮಾನ್ಯಮಾಡಿರುವ ಮಿತಿಯನ್ನು ನಾವು ಕೇಳಲು ಸಂಕೋಚಪಡಬೇಕಾಗಿಲ್ಲ.

ಅರ್ಚಕ, ಪುರೋಹಿತ ವೃತ್ತಿಯಲ್ಲಿರುವ ನಮಗೂ ಈ ಪರಿಶೀಲನೆ ಬೇಡವೆಂದಲ್ಲ. ಫೋನಿನಲ್ಲಿ ನೋಡಿ ಮಂತ್ರ ಹೇಳುವ ಅಭ್ಯಾಸವು ಬೆಳೆದರೆ ಕಂಠಸ್ಥಪಾಠವು ಕ್ಷೀಣಿಸುತ್ತದೆ. ಒಂದು ಮನೆಯ ಪೂಜೆಯ ನಡುವೆ ಮತ್ತೊಂದು ಮನೆಯವರ ಕರೆಗೆ ಉತ್ತರಿಸುವುದು ಎರಡು ಮನೆಗಳಿಗೂ ಅಗೌರವ. ಪಂಚಾಂಗದ ವಿಷಯದಲ್ಲಿಯಂತೂ ಬಹಳ ಎಚ್ಚರ ಬೇಕು. ಏಕಾದಶಿಯ ನಿರ್ಣಯಕ್ಕೆ ನಾವು ಅರುಣೋದಯವನ್ನು, ಅಂದರೆ ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಘಳಿಗೆಗಳನ್ನು, ಎಂದರೆ 96 ನಿಮಿಷಗಳ ಕಾಲವನ್ನು ಗಣಿಸುತ್ತೇವೆ. ಆ ಕಾಲದಲ್ಲಿ ದಶಮಿಯ ವೇಧವಿದ್ದರೆ ಅಂದು ಉಪವಾಸವಿಲ್ಲ. ತಿಥಿಯು ಮುಗಿಯುವ ಕ್ಷಣವು ಲೋಕಕ್ಕೆಲ್ಲ ಒಂದೇ ಆದರೂ ಸೂರ್ಯೋದಯವು ಊರೂರಿಗೆ ಬೇರೆ. ಹೀಗಿರಲಾಗಿ ಉಡುಪಿಯ ಏಕಾದಶಿಯ ದಿನವನ್ನು ತಿಳಿಸುವ ಸಂದೇಶವನ್ನು ಹಾಗೆಯೇ ನ್ಯೂಜೆರ್ಸಿಯ ಬಂಧುಗಳಿಗೆ ದಾಟಿಸಿದರೆ ಅವರ ಉಪವಾಸದ ದಿನವೇ ತಪ್ಪಬಹುದು. ಪುಣ್ಯವೆಂದು ಕಳಿಸಿದ ಸಂದೇಶವೂ ವಿಚಾರವಿಲ್ಲದೆ ಹೋದರೆ ಅನರ್ಥಕ್ಕೆ ಕಾರಣವಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಪರಿಹಾರವೇನು? ಚಾತುರ್ಮಾಸ್ಯವ್ರತದ ಕ್ರಮವೇ ನಮಗೆ ದಾರಿ ತೋರಿಸುತ್ತದೆ. ಶಾಸ್ತ್ರಕಾರರು ಎಲ್ಲವನ್ನೂ ಒಮ್ಮೆಗೇ ಬಿಡಬೇಕೆಂದು ಹೇಳಲಿಲ್ಲ. ತಿಂಗಳಿಗೊಂದನ್ನು ಬಿಡಿಸಿ, ಬಿಟ್ಟರೂ ಬದುಕಬಹುದೆಂಬ ಧೈರ್ಯವನ್ನು ಕಲಿಸಿದರು. ಆಹಾರದ ವ್ರತದ ಜೊತೆಯಲ್ಲಿಯೇ ಫೋನಿನ ವಿಷಯದಲ್ಲಿಯೂ ತಿಂಗಳಿಗೊಂದು ನಿಯಮವನ್ನು ಇಟ್ಟುಕೊಳ್ಳಬಹುದು.

ಮೊದಲನೆಯ ತಿಂಗಳು ಹಾಸಿಗೆಯ ನಿಯಮ. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗಿಡಬೇಕು. ಏಳುವುದಕ್ಕೆ ಬೇಕಾದರೆ ಹಳೆಯ ಅಲಾರಂ ಗಡಿಯಾರವನ್ನು ಇಟ್ಟುಕೊಳ್ಳಬೇಕು. ಆಚಾರ್ಯರು ಎದ್ದಾಗಿನಿಂದ ಮಲಗುವವರೆಗಿನ ಆಚರಣೆಯನ್ನು ಸದಾಚಾರಸ್ಮೃತಿಯೆಂಬ ಕಿರುಗ್ರಂಥದಲ್ಲಿ ತಿಳಿಸಿದ್ದಾರೆ. ಅಲ್ಲಿ ದಿನದ ಮೊದಲ ಸ್ಮರಣೆಗೆ ಯೋಗ್ಯನಾದವನು ಶ್ರೀಹರಿ. ಸ್ನಾನ, ಸಂಧ್ಯೆ ಅಥವಾ ದೇವರ ನಮಸ್ಕಾರ ಮುಗಿಯುವವರೆಗೆ ಲೋಕದ ಸುದ್ದಿಯು ಕಾಯಲಿ.

ಎರಡನೆಯ ತಿಂಗಳು ಎಲೆಯ ನಿಯಮ. ಪರಿಷೇಚನದಿಂದ ಉತ್ತರಾಪೋಶನದವರೆಗೆ ಊಟದ ಬಳಿ ಫೋನು ಇರಕೂಡದು. ಮಕ್ಕಳಿಗೆ ಫೋನು ತೋರಿಸಿ ತುತ್ತು ಇಡುವ ರೂಢಿಯನ್ನು ಈ ತಿಂಗಳಿನಲ್ಲಿಯೇ ಬಿಡಿಸಬೇಕು. ತಾನು ಏನನ್ನು ತಿಂದೆನೆಂದು ತಿಳಿಯದ ಮಗುವಿಗೆ ಅದು ಕೃಷ್ಣನ ಪ್ರಸಾದವೆಂಬ ಭಾವನೆ ಹೇಗೆ ಬಂದೀತು? ದೇವರಮನೆಗೂ ಇದೇ ನಿಯಮವು ಅನ್ವಯಿಸಲಿ.

ಮೂರನೆಯ ತಿಂಗಳು ಕಾಲದ ನಿಯಮ. ಕರೆಗಳ ಹೊರತು ಉಳಿದ ಸೂಚನೆಗಳ ಸದ್ದನ್ನು ನಿಲ್ಲಿಸಿ, ಸಂದೇಶಗಳನ್ನು ನೋಡಲು ದಿನಕ್ಕೆ ಎರಡೋ ಮೂರೋ ಹೊತ್ತುಗಳನ್ನು ಗೊತ್ತುಮಾಡಿಕೊಳ್ಳಬೇಕು. ಎಷ್ಟು ಕಾಲ ಏನನ್ನು ನೋಡಿದೆವೆಂಬ ಲೆಕ್ಕವನ್ನು ಫೋನೇ ಇಟ್ಟಿರುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂದೂ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂದೂ 2018ರಿಂದ ಈ ಸೌಲಭ್ಯವಿದೆ. ಚಿತ್ರಗುಪ್ತನ ಲೆಕ್ಕವನ್ನು ನೋಡುವ ಯೋಗವು ಬದುಕಿರುವಾಗಲೇ ಯಾರಿಗೂ ಇರಲಿಲ್ಲ. ನಮಗೆ ಅದರಲ್ಲಿ ಒಂದು ಪುಟವನ್ನು ನೋಡುವ ಅವಕಾಶ ಬಂದಿದೆ. ವಾರಕ್ಕೊಮ್ಮೆ ಅದನ್ನು ತೆರೆದು ನೋಡಿ, ಅದರ ಪಕ್ಕದಲ್ಲಿ ಆ ವಾರದ ಜಪ ಪಾರಾಯಣಗಳ ಕಾಲವನ್ನೂ, ವೃದ್ಧ ತಂದೆತಾಯಿಗಳೊಡನೆ ಕುಳಿತು ಮಾತನಾಡಿದ ಕಾಲವನ್ನೂ ಬರೆದುಕೊಂಡರೆ ಬೇರೆ ಉಪದೇಶವು ಬೇಕಾಗುವುದಿಲ್ಲ.

ನಾಲ್ಕನೆಯ ತಿಂಗಳು ವಾಕ್ಕಿನ ನಿಯಮ. ಸತ್ಯ, ಪ್ರಿಯ, ಹಿತವಾದ ಮಾತನ್ನಾಡುವುದನ್ನು ಗೀತೆಯು ವಾಙ್ಮಯ ತಪಸ್ಸೆಂದು ಕರೆಯುತ್ತದೆ. ಬೆರಳಿನಿಂದ ಕಳಿಸಿದ ಮಾತೂ ಮಾತೇ. ದ್ವಿದಳಧಾನ್ಯವನ್ನು ಬಿಡುವ ಆ ತಿಂಗಳು, ಕೈಗೆ ಬಂದ ಪ್ರತಿಯೊಂದು ಸಂದೇಶವನ್ನೂ ಎರಡು ಹೋಳಾಗಿ ಒಡೆದು ನೋಡೋಣ. ಇದು ಸತ್ಯವೆಂದು ನನಗೆ ತಿಳಿದಿದೆಯೇ? ಕೇಳುವವರಿಗೆ ಇದರಿಂದ ಹಿತವಿದೆಯೇ? ಎರಡಕ್ಕೂ ಉತ್ತರ ಸಿಕ್ಕಿದರೆ ಕಳಿಸಬಹುದು. ಇಲ್ಲವಾದರೆ ಅದು ನಮ್ಮಲ್ಲಿಯೇ ನಿಲ್ಲಲಿ.

ಇದಲ್ಲದೆ ಈ ನಾಲ್ಕು ತಿಂಗಳ ಪ್ರತಿ ಏಕಾದಶಿಯಂದು ಅವಶ್ಯಕವಾದ ಕರೆಗಳ ಹೊರತು ಫೋನಿಗೂ ಉಪವಾಸ. ವೈದ್ಯರು, ರೋಗಿಗಳನ್ನು ನೋಡಿಕೊಳ್ಳುವವರು, ಒಂಟಿಯಾಗಿರುವ ವೃದ್ಧರು, ಅವರ ಕರೆಗಾಗಿ ಕಾಯುವ ಮಕ್ಕಳು ಇವರಿಗೆ ಈ ನಿಯಮಗಳಲ್ಲಿ ಸಡಿಲಿಕೆಯುಂಟು. ಉಪವಾಸದಲ್ಲಿಯೂ ಬಾಲರಿಗೆ, ವೃದ್ಧರಿಗೆ, ರೋಗಿಗಳಿಗೆ ವಿನಾಯಿತಿಯಿದೆಯಷ್ಟೆ. ವಿನಾಯಿತಿಯು ಯಾರಿಗೆ ಉಂಟೆಂಬುದನ್ನು ಅವರವರ ಅಂತರಂಗವೇ ನಿರ್ಣಯಿಸಬೇಕು.

ಒಂದು ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಮನೆಯ ಹಿರಿಯರು ಸ್ವತಃ ನಿಯಮವನ್ನು ಹಿಡಿಯದೆ ಮಕ್ಕಳಿಗೆ ಹೇಳಿದರೆ ಫಲವಿಲ್ಲ. ಅಜ್ಜನು ಜಗುಲಿಯಲ್ಲಿ ಗಂಟೆಗಟ್ಟಲೆ ವೀಡಿಯೋ ನೋಡುತ್ತ ಮೊಮ್ಮಗನಿಗೆ ಸ್ತೋತ್ರಪಾಠ ಮಾಡೆಂದರೆ ಅವನು ಕಲಿಯುವುದು ಅಜ್ಜನ ಮಾತನ್ನಲ್ಲ, ಅಜ್ಜನ ಕೈಯನ್ನು.

ಇಷ್ಟನ್ನೂ ಮಾಡಲಾಗದವರು ಒಂದನ್ನು ಮಾತ್ರ ಮಾಡಲಿ. ಫೋನನ್ನು ಎತ್ತಿಕೊಳ್ಳುವ ಮೊದಲು ಒಂದು ಉಸಿರಿನಷ್ಟು ಕಾಲ ತಡೆದು, ಯಾವ ಕಾರ್ಯಕ್ಕಾಗಿ ಎತ್ತಿಕೊಳ್ಳುತ್ತಿದ್ದೇನೆಂದು ಮನಸ್ಸಿನಲ್ಲಿ ಹೇಳಿಕೊಳ್ಳಲಿ. ಆ ಕಾರ್ಯವು ಮುಗಿದೊಡನೆ ಕೃಷ್ಣನನ್ನು ಸ್ಮರಿಸಿ ಕೆಳಗಿಡಲಿ. ಹೇಳಿಕೊಳ್ಳಲು ಕಾರ್ಯವೇ ಇಲ್ಲವಾದರೆ ಕೈಯು ತಾನಾಗಿಯೇ ಹಿಂದೆ ಬರುತ್ತದೆ. ಕೃಷ್ಣನಿಗೆ ಅರ್ಪಿಸಲು ನಾಚಿಕೆಯಾಗುವಂತಹದು ಯಾವುದೆಂಬುದೂ ಆಗ ತಿಳಿಯುತ್ತದೆ. ಕಾರ್ತಿಕ ಶುಕ್ಲ ದ್ವಾದಶಿಯಂದು ತುಳಸೀವೃಂದಾವನದ ಮುಂದೆ ದೀಪವಿಟ್ಟು ವ್ರತವನ್ನು ಸಮರ್ಪಿಸುವಾಗ, ಶಾಕ, ದಧಿ, ಕ್ಷೀರ, ದ್ವಿದಳಗಳ ಜೊತೆಗೆ ಹೀಗೆ ಉಳಿಸಿದ ಕಾಲವನ್ನೂ ಅವನ ಪಾದಗಳಲ್ಲಿ ಇಡುವಂತಾಗಲಿ. ಅಸ್ಮದ್ಗುರ್ವಂತರ್ಗತ ಶ್ರೀಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ಎಲ್ಲರಿಗೂ ಅಂತಹ ದೃಢಮನಸ್ಸನ್ನು ಅನುಗ್ರಹಿಸಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥